ಕಲಾಶಾಲೆಯೂ ತಮಟೆಯೂ

(ರಾಮನಗರ ತಾಲ್ಲೂಕಿನ ಕೂಟಗಲ್ಲಿನಲ್ಲಿ ಉಪಾಧ್ಯಾಯರೂ ಊರ ಮಹನೀಯರೂ ನೆರೆದಿದ್ದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಸಂಗೀತ ನೃತ್ಯಗಳ ವ್ಯಾಸಂಗವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಾವು ನನಗೆ ಅಪ್ಪಣೆ ಮಾಡಿದ್ದೀರಿ. ಸಂಗೀತಗಾರರನ್ನು ಬಿಟ್ಟು ವಕೀಲನನ್ನು ಕರೆದ ತಮ್ಮ ಧೈರ್ಯವನ್ನು ಮೆಚ್ಚತಕ್ಕದ್ದೇ. ನನ್ನ ಶ್ರುತಿಜ್ಞಾನ ಅಷ್ಟಕ್ಕಷ್ಟೆ. ಕಾಲೇಜಿನಲ್ಲಿದ್ದಾಗ ಒಂದು ವರ್ಷ ಪಿಟೀಲು ಹಿಡಿದೆ. ಪಕ್ಕದ ಕೋಣೆಯವರ ಪುಣ್ಯದಿಂದ ಅದು ಅಲ್ಲಿಗೇ ನಿಂತಿತು. ಆದಕಾರಣ ರಾಗಲಕ್ಷಣವನ್ನಾಗಲಿ, ತಾಳಗಳ ಭೇದವನ್ನಾಗಲಿ ನನ್ನಿಂದ ತಾವು ನಿರೀಕ್ಷಿಸಬಾರದು. ನನಗೆ ಗೊತ್ತಿರುವುದು ಕಕ್ಷಿಗಾರರ ಕಷ್ಟಸುಖ. ಅಂಥ ಒಬ್ಬ ಕಕ್ಷಿಗಾರನ ಮಾತಿನಿಂದಲೇ ಪ್ರಾರಂಭಿಸುತ್ತೇನೆ. ಆತನ ಹೆಸರನ್ನೂ ಊರನ್ನೂ ಹೇಳುವುದಿಲ್ಲ. ನಮ್ಮ ಸೀಮೆಯವನೇ ಎಂದರೆ ಸಾಕು.

ಕೆಲವು ವರ್ಷಗಳ ಕೆಳಗೆ ಒಂದು ಬೆಳಿಗ್ಗೆ ಈ ತರುಣ ನನ್ನ ಕಚೇರಿಗೆ ಬಂದ. ಬಿ.ಎ. ಓದಿದವನು. ಅವನ ತಂದೆ ಊರಿನ ತಮಟೆಯವರು. ಹಬ್ಬ ಬಂದರೂ, ಹೆಣ ಬಿದ್ದರೂ, ಊರಿನಲ್ಲಿ ಸಾರು ಹಾಕಬೇಕಾದರೂ ಇವರಿಗೇ ಕರೆ. ಕರೆದಾಗ ಹೋಗಬೇಕು, ಕೊಟ್ಟಷ್ಟು ತೆಗೆದುಕೊಳ್ಳಬೇಕು, ನಿಲ್ಲೆಂದ ಕಡೆ ನಿಲ್ಲಬೇಕು. ಆ ಸಲ ತಂದೆಗೆ ಜ್ವರ. ಮಗನೇ ಬಂದು ಬಡಿಯಲಿ ಎಂದರಂತೆ ಊರ ಹಿರಿಯರು. ಮಗ ಒಲ್ಲೆನೆಂದ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಆತ ಮನೆಗೆ ಹೋಗಿ, ಗೋಡೆಗೆ ತೂಗುಹಾಕಿದ್ದ ತಮಟೆಯನ್ನು ತೆಗೆದು ಒಲೆಗೆ ಹಾಕಿಬಿಟ್ಟ. ಅನಂತರ ಅವರ ಮನೆಗೆ ಊರಿನವರು ಕೊಟ್ಟ ಕಾಟವನ್ನು ಇಲ್ಲಿ ವಿಸ್ತರಿಸಲಾರೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ, 23ನೆಯ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ ಎಂಬುದನ್ನು ನಾನು ಯಾರಿಗೆ ಹೇಗೆ ತಿಳಿಸಬೇಕೋ ಹಾಗೆ ತಿಳಿಸಿದೆ. ವ್ಯಾಜ್ಯ ನ್ಯಾಯಾಸ್ಥಾನದ ಮೆಟ್ಟಿಲೇರದೆ ಮುಗಿಯಿತು.

ಅಲ್ಲಿಗೆ ನನ್ನ ಕೆಲಸ ಮುಗಿಯಿತೆಂದುಕೊಂಡಿದ್ದೆ. ವರ್ಷ ಕಳೆದ ಮೇಲೆ ಅದೇ ತರುಣ ಮತ್ತೆ ಬಂದ. ಈ ಸಲ ಮುಖದಲ್ಲಿ ಕೋಪವಿರಲಿಲ್ಲ, ಗೊಂದಲವಿತ್ತು. "ಸರ್, ನನ್ನ ತಮ್ಮ ಕಾಲೇಜಿನ ತಂಡದಲ್ಲಿ ತಮಟೆ ಬಾರಿಸಿ ಬಹುಮಾನ ತಂದಿದ್ದಾನೆ. ಈಗ ಅದನ್ನೇ ಶಾಸ್ತ್ರೀಯವಾಗಿ ಕಲಿಯುತ್ತೇನೆ, ಕಲಾಶಾಲೆಗೆ ಸೇರಿಸು ಅಂತಾನೆ. ನಾನು ಸುಟ್ಟಿದ್ದನ್ನು ಅವನು ಮತ್ತೆ ಮನೆಗೆ ತರ್ತಾನಲ್ಲ. ನಾನು ಮಾಡಿದ್ದು ತಪ್ಪೋ, ಅವನು ಮಾಡ್ತಿರೋದು ತಪ್ಪೋ, ನೀವೇ ಹೇಳಿ" ಎಂದ.

ಮಹನೀಯರೇ, ಈ ಪ್ರಶ್ನೆಗೆ ಯಾವ ಕಾಯಿದೆಯ ಪುಸ್ತಕದಲ್ಲಿಯೂ ಉತ್ತರವಿಲ್ಲ. ಆ ದಿನ ನಾನು ಸಮಾಧಾನದ ಮಾತೇನನ್ನೋ ಹೇಳಿ ಕಳುಹಿಸಿದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಲಾಶಾಲೆಯೆಂದರೇನು, ಅದು ಯಾರಿಗಾಗಿ, ಅಲ್ಲಿ ಕಲಿಸತಕ್ಕವರು ಯಾರು ಎಂಬುದನ್ನು ಅಂದಿನಿಂದ ನನಗೆ ತೋಚಿದ ಮಟ್ಟಿಗೆ ಓದಿ ಕೇಳಿ ತಿಳಿದುಕೊಳ್ಳುತ್ತ ಬಂದಿದ್ದೇನೆ. ಇಂದು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವುದು ಅಷ್ಟನ್ನೇ.

ಯುರೋಪಿನಲ್ಲಿ ಸಂಗೀತ ಶಾಲೆಗೆ ಕನ್ಸರ್ವೇಟರಿ ಎಂಬ ಹೆಸರಿದೆ. ದೊಡ್ಡ ದೊಡ್ಡ ಸಭಾಂಗಣಗಳೂ ಕರಿಯ ಅಂಗಿಯ ಪ್ರಾಧ್ಯಾಪಕರೂ ನಮ್ಮ ಕಣ್ಣಿಗೆ ಕಟ್ಟುವಂಥ ಹೆಸರು ಅದು. ಆದರೆ ಆ ಮಾತಿನ ಮೂಲಾರ್ಥವನ್ನು ಕೇಳಿದರೆ ತಮಗೆ ಆಶ್ಚರ್ಯವಾದೀತು. ಇಟಲಿಯ ಭಾಷೆಯಲ್ಲಿ ಅದು ಅನಾಥ ಮಕ್ಕಳನ್ನು ಕಾಪಾಡುವ ಮನೆಯ ಹೆಸರು. 16ನೆಯ ಶತಮಾನದಲ್ಲಿ ನೇಪಲ್ಸ್ ಪಟ್ಟಣದಲ್ಲಿ ದಿಕ್ಕಿಲ್ಲದ ಹುಡುಗರಿಗಾಗಿ ಇಂಥ ಮನೆಗಳು ಹುಟ್ಟಿದುವು. ಹೊಟ್ಟೆಗೆ ಹಿಟ್ಟು, ಮೈಗೆ ಬಟ್ಟೆ ಕೊಟ್ಟು, ಮುಂದೆ ಬದುಕಿಕೊಳ್ಳಲೆಂದು ಏನಾದರೊಂದು ಕಸಬು ಕಲಿಸಬೇಕಲ್ಲ. ಆ ಕಸಬುಗಳ ನಡುವೆ ಹಾಡಿಕೆಯೂ ವಾದ್ಯವೂ ಸೇರಿ ಬರಬರುತ್ತ ಅವೇ ಮುಖ್ಯವಾದುವು. ವೆನಿಸ್ ನಗರದಲ್ಲಿಯೂ ಹೀಗೆಯೇ ಪರಿತ್ಯಕ್ತರಾದ ಹೆಣ್ಣುಮಕ್ಕಳ ಆಶ್ರಮಗಳಿದ್ದುವು. ಅವುಗಳಲ್ಲೊಂದಾದ ಪಿಯೆಟಾದಲ್ಲಿ 1703ರಿಂದ ವಿವಾಲ್ಡಿ ಎಂಬ ಮಹಾಸಂಗೀತಗಾರ ಉಪಾಧ್ಯಾಯನಾಗಿದ್ದನು. ಆ ತಬ್ಬಲಿ ಹುಡುಗಿಯರ ವಾದ್ಯಗೋಷ್ಠಿಯನ್ನು ಕೇಳಲು ಯುರೋಪಿನ ಶ್ರೀಮಂತರು ಬರುತ್ತಿದ್ದರು. ಪ್ಯಾರಿಸ್ಸಿನಲ್ಲಿ ಸರಕಾರದ ವತಿಯಿಂದ ಕನ್ಸರ್ವೇಟರಿ ಸ್ಥಾಪಿತವಾದುದು 1795ರಲ್ಲಿ, ಎಂದರೆ ಇವೆಲ್ಲಕ್ಕಿಂತ ಬಹಳ ತರುವಾಯ. ತಾಯಿತಂದೆಗಳಿಂದ ಏನೂ ದೊರೆಯದ ಮಕ್ಕಳಿಗಾಗಿ ಹುಟ್ಟಿದ ಮನೆಯೇ ಜಗತ್ತಿನ ದೊಡ್ಡ ಸಂಗೀತ ವಿದ್ಯಾಲಯಗಳ ಹಿರಿಯಜ್ಜಿ ಎಂದಾಯಿತು.

ಇಟಲಿಯವರೆಗೆ ಹೋಗುವುದೇಕೆ? ಗದುಗಿನಲ್ಲಿ ನಮ್ಮದೇ ವೀರೇಶ್ವರ ಪುಣ್ಯಾಶ್ರಮವಿದೆ. ಪಂಚಾಕ್ಷರಿ ಗವಾಯಿಗಳು ಹುಟ್ಟುಗುರುಡರು. 1892ರಲ್ಲಿ ಹುಟ್ಟಿ 1944ರಲ್ಲಿ ಕಾಲವಾದ ಆ ಮಹಾನುಭಾವರು ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಹಿಂದುಸ್ತಾನಿ ಕರ್ನಾಟಕ ಎರಡು ಪದ್ಧತಿಗಳನ್ನೂ ಸಾಧಿಸಿ, ತಮ್ಮಂತೆ ಕಣ್ಣಿಲ್ಲದ, ದಿಕ್ಕಿಲ್ಲದ ಹುಡುಗರನ್ನು ಸುತ್ತ ಕಟ್ಟಿಕೊಂಡು ಊರೂರು ತಿರುಗಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು, ಅವರೂ ಶೈಶವದಲ್ಲಿಯೇ ಕಣ್ಣು ಕಳೆದುಕೊಂಡವರು, 2010ರಲ್ಲಿ ತೀರಿಕೊಳ್ಳುವವರೆಗೆ ಆ ಮನೆಯ ಭಾರವನ್ನು ಹೊತ್ತರು. ಅಷ್ಟು ಮಕ್ಕಳಿಗೆ ಅನ್ನ ಹಾಕುವುದು ಹೇಗೆ? ನಾಟಕ ಕಂಪನಿ ಕಟ್ಟಿದರು, ನಾಟಕ ಬರೆದರು, ಬಂದ ಹಣದಿಂದ ಆಶ್ರಮ ನಡೆಸಿದರು. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಕೈಯಲ್ಲಿ ಪಳಗಿದವರು. ಪಂಡಿತ ವೆಂಕಟೇಶ ಕುಮಾರರು ಪುಟ್ಟರಾಜರ ಪದತಲದಲ್ಲಿ ಹನ್ನೆರಡು ವರ್ಷ ಕಲಿತವರು. ಆದರೆ ನನಗೆ ಇವರ ಹೆಸರಿಗಿಂತ ಹೆಚ್ಚು ಮುಖ್ಯವಾಗಿ ತೋರುವುದು ಆ ಆಶ್ರಮದಿಂದ ಹೊರಬಂದು ಕೀರ್ತನಕಾರರಾಗಿ, ತಬಲಾ ನುಡಿಸುವವರಾಗಿ, ಶಾಲೆಯ ಸಂಗೀತೋಪಾಧ್ಯಾಯರಾಗಿ ಜೀವನ ಮಾಡಿದ, ಪತ್ರಿಕೆಗಳಲ್ಲಿ ಹೆಸರು ಬಾರದ ಜನ. ಭಿಕ್ಷಾಪಾತ್ರೆಯೊಂದೇ ಗತಿಯಾಗಿದ್ದವನ ಕೈಗೆ ತಂಬೂರಿ ಬಂದುದು ಸಾಮಾನ್ಯ ಸಂಗತಿಯಲ್ಲ.

ಇದರಿಂದ ನನಗೆ ತಿಳಿದುದಿಷ್ಟು. ಯಾರ ಮನೆಯಲ್ಲಿ ಹುಟ್ಟಿದೆ ಎಂಬ ಪ್ರಶ್ನೆಯನ್ನು ಕಲಾಶಾಲೆ ಬಾಗಿಲ ಹೊರಗೇ ನಿಲ್ಲಿಸುತ್ತದೆ. ನಿಲ್ಲಿಸದಿದ್ದರೆ ಅದು ಕಲಾಶಾಲೆಯೇ ಅಲ್ಲ. ನಮ್ಮ ದೇಶದಲ್ಲಿ ಸಂಗೀತವು ಮನೆತನದ ಆಸ್ತಿಯಾಗಿದ್ದ ಕಾಲದಲ್ಲಿ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ಅದನ್ನು ಸಾರ್ವಜನಿಕರ ಸಹಾಯದಿಂದ ನಡೆಸಿದರು. ಹನ್ನೊಂದು ವರ್ಷದ ಬಾಲಿಕೆ ಗಂಗೂಬಾಯಿ 1924ರ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ಹಾಡಿದಳು. ಹೀನಾಯದ ಮಾತುಗಳನ್ನು ಕೇಳುತ್ತ ಬೆಳೆದ ಆಕೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತಳು. ಇಂದು ಮೈಸೂರಿನಲ್ಲಿರುವ ಸಂಗೀತ ವಿಶ್ವವಿದ್ಯಾನಿಲಯ ಆ ಗಂಗೂಬಾಯಿ ಹಾನಗಲ್ಲರ ಹೆಸರನ್ನು ಹೊತ್ತಿದೆ. ವೀಣೆ ಶೇಷಣ್ಣನವರ ಊರಿನಲ್ಲಿ ಕಿರಾಣಾ ಘರಾಣೆಯ ಗಾಯಕಿಯ ಹೆಸರಿನ ವಿದ್ಯಾಲಯ! ಮುಂಬಯಿಗೊಂದು, ಮದರಾಸಿಗೊಂದು, ಹೈದರಾಬಾದಿಗೊಂದು, ಮೈಸೂರಿಗೊಂದು ಎಂದು ಹರಿದು ಹಂಚಿಹೋಗಿದ್ದ ಕನ್ನಡನಾಡು 1956ರಲ್ಲಿ ಒಂದಾದುದು ನಕ್ಷೆಯ ಮೇಲೆ ಮಾತ್ರವಲ್ಲ ಎಂದು ಇದನ್ನು ಕಂಡಾಗ ನನಗೆ ಅನಿಸುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. ರಾಮನಗರವೆಂದರೆ ರೇಷ್ಮೆಗೂಡು, ಚನ್ನಪಟ್ಟಣವೆಂದರೆ ಬಣ್ಣದ ಬೊಂಬೆ, ಮಾಗಡಿಯೆಂದರೆ ಕೆಂಪೇಗೌಡರು ಎಂದು ನಾವು ಹುಡುಗರಿಗೆ ಬಾಯಿಪಾಠ ಮಾಡಿಸುತ್ತೇವೆ. ಚನ್ನಪಟ್ಟಣದ ಇನ್ನೊಂದು ಕೀರ್ತಿಯನ್ನು ನಾವೇ ಮರೆತಿದ್ದೇವೆ. ಟಿಪ್ಪುಸುಲ್ತಾನನ ಪತನಾನಂತರ, 1800ರಲ್ಲಿ, ಈ ದಾರಿಯಲ್ಲಿ ಸಂಚರಿಸಿದ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ತಯಾರಿಸುತ್ತಿದ್ದರೆಂದೂ, ಅದಕ್ಕೆ ಬಲು ಬೇಡಿಕೆಯಿದ್ದು ಹಿಂದೂಸ್ಥಾನದ ದೂರದೂರದ ಪ್ರಾಂತಗಳಿಗೆ ಅದು ಹೋಗುತ್ತಿತ್ತೆಂದೂ ಬರೆದಿಟ್ಟಿದ್ದಾನೆ. ಯಾವ ಅರಮನೆಯಲ್ಲಿ ಯಾವ ವೈಣಿಕ ಮೀಟಿದನೋ, ಆ ನಾದದ ಒಂದು ಎಳೆ ನಮ್ಮ ಕುಲುಮೆಯಲ್ಲಿ ಕಾದು ಎಳೆಯಲ್ಪಟ್ಟುದು. ವೀಣೆಯನ್ನು ನುಡಿಸಿದವರ ಹೆಸರುಗಳು ಚರಿತ್ರೆಯಲ್ಲಿ ಉಳಿದುವು; ತಂತಿ ಎಳೆದವರ ಹೆಸರು ಒಂದೂ ಉಳಿಯಲಿಲ್ಲ.

ತಂತಿಯ ಕಥೆ ಹೀಗಾದರೆ ಚರ್ಮದ ಕಥೆ ಇನ್ನೂ ಕಠಿಣವಾದದ್ದು. ಸಭೆಯಲ್ಲಿ ವಿದ್ವಾಂಸರ ಪಕ್ಕದಲ್ಲಿ ಜಮಖಾನದ ಮೇಲೆ ಕೂಡುವ ಮೃದಂಗದ ಮುಖಕ್ಕೆ ಬಿಗಿದಿರುವುದು ಹಸು, ಎಮ್ಮೆ, ಆಡುಗಳ ಚರ್ಮ. ಅದನ್ನು ಹದಮಾಡಿ ಬಿಗಿಯುವ ಕೈಗಳು ಬಹುಮಟ್ಟಿಗೆ ದಲಿತರವು. ಸಂಗೀತ ವಿದ್ವಾಂಸರಾದ ಟಿ. ಎಂ. ಕೃಷ್ಣ ಅವರು 2020ರಲ್ಲಿ ಮೃದಂಗ ತಯಾರಕರನ್ನೇ ಕುರಿತು ಒಂದು ಗ್ರಂಥವನ್ನು ಬರೆದು ಈ ಸಂಗತಿಯನ್ನು ನಾಡಿನ ಕಣ್ಣಿಗೆ ಹಿಡಿದಿದ್ದಾರೆ. ಮೃದಂಗ ಒಳಗೆ, ತಮಟೆ ಹೊರಗೆ! ಎರಡೂ ಚರ್ಮವೇ, ಎರಡೂ ನಾದವೇ. ಭೇದವಿರುವುದು ವಾದ್ಯದಲ್ಲಿ ಅಲ್ಲ. ಅದನ್ನು ಹಿಡಿದವನನ್ನು ನಾವು ನಿಲ್ಲಿಸಿದ ಜಾಗದಲ್ಲಿ.

ತಮಟೆಯನ್ನು ಕಲಿಯುವುದೆಂದರೇನು? ಬಡಿದರೆ ಸದ್ದಾಗುತ್ತದೆ, ಅದಕ್ಕೇನು ಪಾಠ ಎಂದು ನನ್ನ ಮಿತ್ರರೊಬ್ಬರು ಕೇಳಿದರು. ನಾನೂ ಹಾಗೆಯೇ ತಿಳಿದಿದ್ದೆ. ಒಮ್ಮೆ ಕೈಗೆತ್ತಿಕೊಂಡು ನೋಡಿದ ಮೇಲೆ ಆ ಭ್ರಮೆ ಹರಿಯಿತು. ಒಂದು ಬಳೆಗೆ ಒಂದೇ ಕಡೆ ಚರ್ಮ ಬಿಗಿದ ಸರಳವಾದ ವಾದ್ಯವದು. ಎಡಗೈಯ ಕಡ್ಡಿ ಸಣ್ಣ, ಉದ್ದ. ಬಲಗೈಯ ಕೋಲು ದಪ್ಪ, ಗಿಡ್ಡ. ಒಂದು ಕೈ ಲಯದ ಲೆಕ್ಕವನ್ನು ಹಿಡಿದಿದ್ದರೆ ಇನ್ನೊಂದು ಅದರ ಮೇಲೆ ಮಾತನಾಡಬೇಕು. ತೋಳಿಗೆ ಆತುಕೊಂಡ ತಮಟೆಯೊಡನೆ ಮೈಯೂ ಕುಣಿಯಬೇಕು, ಬಾಗಬೇಕು, ಸುತ್ತಬೇಕು. ಕುಣಿತದಲ್ಲಿ ಪೆಟ್ಟು ತಪ್ಪಬಾರದು, ಪೆಟ್ಟಿನಲ್ಲಿ ಹೆಜ್ಜೆ ತಪ್ಪಬಾರದು. ಸಂಗೀತವೆಲ್ಲಿ ಮುಗಿಯಿತು, ನೃತ್ಯವೆಲ್ಲಿ ತೊಡಗಿತು ಎಂದು ಗೆರೆ ಎಳೆಯುವುದು ಅಸಾಧ್ಯ. ಎಲ್ಲಕ್ಕೂ ಮೊದಲಿನ ಪಾಠ ಬೆಂಕಿಯದು. ಗಾಳಿಯ ತೇವವನ್ನು ಕುಡಿದು ಚರ್ಮ ಸಡಿಲವಾಗಿರುತ್ತದೆ. ಆಗ ಹೊಡೆದರೆ ಹಳೆಯ ಗೋಣಿಯನ್ನು ಬಡಿದಂತೆ. ಹುಲ್ಲಿನ ಉರಿಗೆ ಹಿಡಿದು ಕಾಯಿಸಿದರೆ ತೇವ ಆರಿ ಚರ್ಮ ಬಿಗಿಯುತ್ತದೆ, ನಾದ ಮೇಲೇರುತ್ತದೆ. ಎಷ್ಟು ಕಾಯಿಸಬೇಕು? ಸಾಲದೆ ಹೋದರೆ ಸ್ವರವಿಲ್ಲ, ಹೆಚ್ಚಾದರೆ ಚರ್ಮವೇ ಹೋಯಿತು. ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಇನ್ನೊಂದಿಷ್ಟು ಎಂದೋ ಸಾಕು ಎಂದೋ ತೀರ್ಮಾನಿಸಬೇಕು. ವೈಣಿಕರು ಬಿರಡೆ ತಿರುವಿ ಶ್ರುತಿಮಾಡುವುದಕ್ಕೂ ಇದಕ್ಕೂ ಏನು ಅಂತರ? ಪದಾರ್ಥವಿಜ್ಞಾನದ ಉಪಾಧ್ಯಾಯರು ಇಲ್ಲಿದ್ದರೆ ನಾದ ಹುಟ್ಟುವ ಬಗೆಯನ್ನು ಹುಡುಗರಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉಪಕರಣ ಸಿಕ್ಕಲಾರದು.

ನಮ್ಮ ಕಡೆಯ ಪೂಜಾ ಕುಣಿತವನ್ನು ತಾವೆಲ್ಲರೂ ನೋಡಿದ್ದೀರಿ. ಬಿದಿರಿನ ಚೌಕಟ್ಟಿಗೆ ಸೀರೆ ಬಟ್ಟೆಗಳನ್ನು ಕಟ್ಟಿ, ನಡುವೆ ಅಮ್ಮನ ಮುಖವನ್ನಿಟ್ಟು, ಆ ಭಾರವನ್ನು ತಲೆಯ ಮೇಲೆ ಹೊತ್ತು ಕುಣಿಯುವವನ ಕತ್ತನ್ನು ಎಂದಾದರೂ ಗಮನಿಸಿದ್ದೀರಾ? ಕೆಳಗೆ ಕಾಲು ಕಡಿದಾಡುತ್ತಿರುತ್ತದೆ, ಮೇಲೆ ಕತ್ತು ಕಂಬದಂತೆ ನಿಂತಿರುತ್ತದೆ. ಕೈಬಿಟ್ಟು ಕುಣಿಯುತ್ತಾನೆ. ಈ ವಿದ್ಯೆ ಪುಸ್ತಕದಿಂದ ಬರತಕ್ಕದ್ದಲ್ಲ. ಬಲ್ಲವನ ಮುಂದೆ ನಿಂತು, ತಪ್ಪಿ, ಬೈಸಿಕೊಂಡು ಕಲಿಯಬೇಕು.

ಇವೆಲ್ಲವನ್ನೂ ಕಲಿಸುವುದಕ್ಕೂ ಕಾಪಾಡುವುದಕ್ಕೂ ಒಂದು ಮನೆ ಬೇಕೆಂದು ಕಂಡುಕೊಂಡವರು ಎಚ್. ಎಲ್. ನಾಗೇಗೌಡರು. ನಾಗಮಂಗಲ ಸೀಮೆಯಲ್ಲಿ 1915ರಲ್ಲಿ ಹುಟ್ಟಿ, ಸರಕಾರದ ದೊಡ್ಡ ಅಧಿಕಾರಗಳಲ್ಲಿದ್ದು, ನಿವೃತ್ತರಾದ ಮೇಲೆ ಆರಾಮವಾಗಿ ಕೂಡಬಹುದಾಗಿದ್ದ ಮನುಷ್ಯ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. 1994ರಲ್ಲಿ ನಮ್ಮ ರಾಮನಗರದ ಬಳಿ, ಬೆಂಗಳೂರು ಮೈಸೂರು ಹೆದ್ದಾರಿಯ ಮಗ್ಗುಲಲ್ಲಿ, ಹದಿನೈದು ಎಕರೆಯ ಜಾನಪದ ಲೋಕವನ್ನು ತೆರೆದರು. ಊರೂರು ಅಲೆದು ಹಾಡುಗಾರರ ಕಂಠವನ್ನೂ ಕುಣಿತದವರ ಹೆಜ್ಜೆಯನ್ನೂ ಯಂತ್ರಗಳಲ್ಲಿ ಹಿಡಿದಿಡಿಸಿದರು. ನೇಗಿಲು, ಬೀಸುವ ಕಲ್ಲು, ತೊಗಲುಬೊಂಬೆಗಳ ಜತೆಯಲ್ಲಿ ವಾದ್ಯಗಳನ್ನೂ ಕೂಡಿಹಾಕಿದರು. ಬಯಲು ರಂಗಮಂದಿರ ಕಟ್ಟಿಸಿ ಕಲಾವಿದರನ್ನು ಕರೆಸಿ ಕುಣಿಸಿದರು, ಕಲಿಕೆಗೆ ಏರ್ಪಾಡು ಮಾಡಿದರು. 2005ರಲ್ಲಿ ಅವರು ತೀರಿಕೊಂಡ ಮೇಲೂ ಆ ಮನೆ ನಡೆದುಬಂದಿದೆ. ಹೆದ್ದಾರಿಯಲ್ಲಿ ಹೋಗುವ ಪ್ರವಾಸಿಗಳು ಅಲ್ಲಿ ಇಳಿದು, ನೋಡಿ, ಊಟಮಾಡಿ ಮುಂದೆ ಸಾಗುತ್ತಾರೆ. ಕೂಟಗಲ್ಲಿನ ನಾವು ಎಷ್ಟು ಜನ ನಮ್ಮ ಮಕ್ಕಳ ಕೈಹಿಡಿದುಕೊಂಡು ಹೋಗಿದ್ದೇವೆ? ಕೈ ಎತ್ತಿರೆಂದು ಕೇಳಿ ತಮ್ಮನ್ನು ಸಂಕೋಚಕ್ಕೆ ಗುರಿಮಾಡುವುದಿಲ್ಲ. ನಾನೂ ಮೊದಲ ಸಲ ಹೋದುದು ದೂರದೂರಿನಿಂದ ಬಂದ ನೆಂಟರೊಬ್ಬರು ಒತ್ತಾಯಪಡಿಸಿದ್ದರಿಂದ.

ಆದರೆ ಒಂದು ಮಾತು. ಧ್ವನಿಮುದ್ರಣವು ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ದಸ್ತಾವೇಜು. ಕ್ರಯಪತ್ರವು ಪೆಟ್ಟಿಗೆಯಲ್ಲಿ ಭದ್ರವಾಗಿದ್ದ ಮಾತ್ರಕ್ಕೆ ಹೊಲದಲ್ಲಿ ರಾಗಿ ಬೆಳೆಯುವುದಿಲ್ಲ; ಉಳುವವನು ಬೇಕು. ಹಂಗೇರಿ ದೇಶದ ಬಾರ್ಟೋಕ್ ಮತ್ತು ಕೊಡಾಯ್ ಎಂಬಿಬ್ಬರು ಸಂಗೀತಗಾರರ ಉದಾಹರಣೆ ಇಲ್ಲಿ ಸಲ್ಲುತ್ತದೆ. ಬುಡಾಪೆಸ್ಟಿನ ಸಂಗೀತ ವಿದ್ಯಾಲಯದಲ್ಲಿ ಕಲಿತ ಇವರು ಕಳೆದ ಶತಮಾನದ ಮೊದಲ ದಶಕದಲ್ಲಿ ಮೇಣದ ಉರುಳೆಯ ಯಂತ್ರವನ್ನು ಹೊತ್ತು ಹಳ್ಳಿಗಳಿಗೆ ಹೋಗಿ ರೈತರ ಹಾಡುಗಳನ್ನು ಸಂಗ್ರಹಿಸಿದರು. 1906ರಲ್ಲಿ ಇಪ್ಪತ್ತು ಹಾಡುಗಳನ್ನು ಒಟ್ಟಿಗೆ ಪ್ರಕಟಿಸಿದರು. ಸಂಗ್ರಹಿಸಿ ಕಪಾಟಿನಲ್ಲಿಡಲಿಲ್ಲ. ಬಾರ್ಟೋಕನ ಕೃತಿಗಳಲ್ಲಿ ಆ ಹಳ್ಳಿಯ ಸ್ವರ ಹರಿಯಿತು. ಕೊಡಾಯ್ ಶಾಲೆಯ ಮಕ್ಕಳೆಲ್ಲರೂ ತಮ್ಮ ನಾಡಿನ ಹಾಡಿನಿಂದಲೇ ಸಂಗೀತದ ಓನಾಮವನ್ನು ಕಲಿಯಬೇಕೆಂದು ಹಟಹಿಡಿದು ಅದನ್ನು ಸಾಧಿಸಿದನು. ಮಹಾವಿದ್ಯಾಲಯದ ಪದವೀಧರನು ಹಳ್ಳಿಯ ಮುದುಕಿಯ ಮುಂದೆ ಶಿಷ್ಯನಾಗಿ ಕುಳಿತನೆಂಬುದು ಈ ಕಥೆಯ ಜೀವಾಳ.

ನಮ್ಮಲ್ಲಿಯೂ ಅಂಥದ್ದು ನಡೆದಿಲ್ಲವೆಂದಲ್ಲ. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿದಾಗ ಶಿವರಾಮ ಕಾರಂತರು ಅದಕ್ಕೆ ಬೆಂಬಲವಾಗಿ ನಿಂತರು. ಹಿರಿಯಡಕ ಗೋಪಾಲರಾಯರಂಥ ಮದ್ದಳೆಗಾರರು ಅಲ್ಲಿ ಗುರುಗಳಾದರು. ಮೇಳದಲ್ಲಿ ಬೆಳೆದವರನ್ನೇ ಶಾಲೆಯಲ್ಲಿ ಗುರುಪೀಠದ ಮೇಲೆ ಕೂಡಿಸಿದ್ದರಿಂದ ವಿದ್ಯೆ ಮುಂದಕ್ಕೆ ಹರಿಯಿತು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಮೀಸಲಾದ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ತಮಿಳು ಸೀಮೆಯ ದಿಂಡಿಗಲ್ಲಿನಲ್ಲಿ ಶಕ್ತಿ ಎಂಬ ಕಲಾಕೇಂದ್ರವು ನಮ್ಮ ತಮಟೆಯ ದಾಯಾದಿಯಾದ ಪರೆ ವಾದ್ಯವನ್ನು ದಲಿತ ಹೆಣ್ಣುಮಕ್ಕಳ ಕೈಗೆ ಕೊಟ್ಟಿದೆ. ಯಾವ ವಾದ್ಯವನ್ನು ಹಿಡಿದುದಕ್ಕಾಗಿ ಅವರ ಅಜ್ಜಂದಿರು ಊರ ಹೊರಗೆ ನಿಂತರೋ, ಅದನ್ನೇ ಹಿಡಿದು ಆ ಮಕ್ಕಳು ವೇದಿಕೆಯ ನಟ್ಟನಡುವೆ ನಿಂತಿದ್ದಾರೆ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ಗಟ್ಟಿಯಾದವು. ಶಾಲೆಗೆ ಬಂದ ಕಲೆ ಪೆಡಸಾಗುತ್ತದೆ ಎಂಬುದು ಒಂದು. ರಾತ್ರಿಯಿಡೀ ಜಾತ್ರೆಯಲ್ಲಿ ಕುಣಿದದ್ದನ್ನು ಏಳು ನಿಮಿಷಕ್ಕೆ ಇಳಿಸಿ, ಎಲ್ಲರಿಗೂ ಒಂದೇ ಬಣ್ಣದ ಪಂಚೆ ಉಡಿಸಿ, ಮಂತ್ರಿಗಳು ಬರುವಾಗ ಬಾಗಿಲಲ್ಲಿ ನಿಲ್ಲಿಸುವುದನ್ನು ಕಂಡರೆ ನನಗೂ ಸಂಕಟವಾಗುತ್ತದೆ. ಅಂಥ ಸ್ವಾಗತಕ್ಕೆ ನಿಂತ ತಂಡವೊಂದು ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಗಂಟೆ ಕಾದು, ಬಂದವರು ಕಾರಿನಿಂದ ಇಳಿದು ಅತ್ತ ತಿರುಗಿಯೂ ನೋಡದೆ ಒಳಗೆ ಹೋದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದು ಊರ ಹಿರಿಯರ ಅಪ್ಪಣೆಗೆ ಬದಲಾಗಿ ಬಂದ ಇನ್ನೊಂದು ಅಪ್ಪಣೆ, ಅಷ್ಟೆ. ಆದರೆ ಶಾಲೆಯನ್ನೇ ಬೇಡವೆನ್ನುವುದು ಇದಕ್ಕೆ ಪರಿಹಾರವಲ್ಲ. ಹಬ್ಬ ಜಾತ್ರೆಗಳಲ್ಲಿ ಕಲೆಗೆ ಪೂರ್ತಿ ರಾತ್ರಿಯನ್ನು ಬಿಟ್ಟುಕೊಡುವ ಕೆಲಸ ನಮ್ಮದು. ಧ್ವನಿವರ್ಧಕದ ಸಿನಿಮಾ ಹಾಡಿಗೆ ಆ ರಾತ್ರಿಯನ್ನು ಬರೆದುಕೊಟ್ಟವರು ಕಲಾಶಾಲೆಯವರಲ್ಲ, ನಾವು.

ಹೊಟ್ಟೆಯ ಪ್ರಶ್ನೆ ಎರಡನೆಯದು. ಮಗ ತಮಟೆ ಕಲಿತು ಏನು ತಿಂದಾನು? ಬಣ್ಣದ ಮಾತಾಡಿ ತಮ್ಮನ್ನು ಮರುಳುಗೊಳಿಸಲಾರೆ. ನಮ್ಮ ಎಷ್ಟೋ ಶಾಲೆಗಳಲ್ಲಿ ಸಂಗೀತಕ್ಕೆ ಒಬ್ಬ ಉಪಾಧ್ಯಾಯರೂ ಇಲ್ಲ. ಕಲಾಶಾಲೆಯ ಪ್ರಮಾಣಪತ್ರ ಹಿಡಿದು ಬಂದವರಿಗೆಲ್ಲ ಕೆಲಸ ಕಾದಿದೆಯೆಂದು ಹೇಳಿದರೆ ಸುಳ್ಳುಸಾಕ್ಷಿ ನುಡಿದಂತಾದೀತು. ನನ್ನ ಕಕ್ಷಿಗಾರನ ತಮ್ಮನಿಗೂ ಇದನ್ನೇ ಹೇಳಿದೆ: ಪದವಿಯ ಓದನ್ನು ಬಿಡಬೇಡಪ್ಪ, ಇದನ್ನೂ ಬಿಡಬೇಡ ಎಂದು. ವಕೀಲಿಯ ಸನ್ನದು ಹಿಡಿದವರೆಲ್ಲ ಹೊಟ್ಟೆತುಂಬ ಉಣ್ಣುತ್ತಾರೆಂದು ತಾವು ಭಾವಿಸಿದ್ದರೆ ನಮ್ಮ ವಕೀಲರ ಸಂಘಕ್ಕೆ ಒಂದು ದಿನ ದಯಮಾಡಿಸಿ.

ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆಯಿದೆ. ತಮಟೆಗೆ ಗೌರವ ಬಂದಿತು ಎನ್ನುತ್ತೇವೆ. ನಿಜ. ಚಿಕ್ಕಬಳ್ಳಾಪುರ ಸೀಮೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ತಮಟೆ ಬಾರಿಸಿಯೇ ನಾಡೋಜರಾದರು. 2023ರಲ್ಲಿ ರಾಷ್ಟ್ರವು ಅವರಿಗೆ ಪದ್ಮಶ್ರೀ ಕೊಟ್ಟಿತು. ಆ ಸುದ್ದಿ ಬಂದ ದಿನ ನಾನು ಹಿಗ್ಗಿದೆ. ಆದರೆ ಪ್ರಶಸ್ತಿ ಬಂದುದು ಒಬ್ಬರಿಗೆ. ಇತ್ತ ನಗರದ ಕಾಲೇಜುಗಳಲ್ಲಿ ಹತ್ತು ಜನ ಹುಡುಗರು ಮೂರು ವಾರ ಅಭ್ಯಾಸ ಮಾಡಿ ತಂಡ ಕಟ್ಟುತ್ತಾರೆ. ಸಮ್ಮೇಳನಕ್ಕೆ ಅವರಿಗೇ ಕರೆ, ಅವರಿಗೇ ಶಾಲು. ಅವರಿಗೆ ಆ ಪೆಟ್ಟನ್ನು ಹೇಳಿಕೊಟ್ಟ ಮುದುಕ ಹಳ್ಳಿಯಲ್ಲಿ ಹಾಗೆಯೇ ಇದ್ದಾನೆ. ಅವನನ್ನು ಶಾಲೆಗೆ ಗುರುವಾಗಿ ತೆಗೆದುಕೊಳ್ಳೋಣವೆಂದರೆ ವಿದ್ಯಾರ್ಹತೆಯ ಪತ್ರವೆಲ್ಲಿ ಎಂಬ ಪ್ರಶ್ನೆ. ಶಿಷ್ಯನಿಗೆ ಪ್ರಮಾಣಪತ್ರವಿದೆ, ಗುರುವಿಗಿಲ್ಲ! ಮೂಲಪತ್ರವನ್ನು ತಳ್ಳಿಹಾಕಿ ನಕಲನ್ನು ಸಾಕ್ಷ್ಯವಾಗಿ ಅಂಗೀಕರಿಸುವ ನ್ಯಾಯಾಧೀಶರನ್ನು ನಾನು ಇದುವರೆಗೆ ಕಂಡಿಲ್ಲ. ವಿದ್ಯೆಯ ಕಚೇರಿಗಳಲ್ಲಿ ಮಾತ್ರ ದಿನವೂ ಹೀಗೆ ನಡೆಯುತ್ತಿದೆ.

ಇನ್ನು ನನ್ನ ಕಕ್ಷಿಗಾರನ ಪ್ರಶ್ನೆಗೆ ಉತ್ತರ. ಬಹಳ ದಿನಗಳ ಮೇಲೆ ಅವನನ್ನು ಕಂಡಾಗ ಹೇಳಿದೆ: "ನೀನು ಮಾಡಿದ್ದೂ ತಪ್ಪಲ್ಲ, ನಿನ್ನ ತಮ್ಮ ಮಾಡುತ್ತಿರುವುದೂ ತಪ್ಪಲ್ಲಪ್ಪ. ನಿನಗೆ ಒಲ್ಲೆನೆನ್ನುವ ಸ್ವಾತಂತ್ರ್ಯವಿರಲಿಲ್ಲ. ಅದನ್ನು ನೀನು ಬೆಂಕಿ ಹಾಕಿ ಸಂಪಾದಿಸಿದೆ. ಒಲ್ಲೆನೆನ್ನಬಲ್ಲವನು ಮಾತ್ರ ಬೇಕೆನ್ನಬಲ್ಲ. ನಿನ್ನ ತಮ್ಮ ಈಗ ಬೇಕೆನ್ನುತ್ತಿದ್ದಾನೆ." ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ "ಅಪ್ಪನನ್ನು ಯಾರೂ ಯಾವತ್ತೂ ಹಾಗೆ ಕೇಳಲೇ ಇಲ್ಲ ಸರ್, ನಿಂಗೆ ಇಷ್ಟವೇನಪ್ಪ ಅಂತ" ಎಂದ.

ಆ ಮಾತು ಕೇಳಿದ ಮೇಲೆ ನಾನು ಆ ಹಿರಿಯರನ್ನೇ ನೋಡಲು ಹೋದೆ. ನನ್ನನ್ನು "ಬುದ್ಧಿ" ಎಂದು ಕರೆದರು. ಹಾಗೆನ್ನಬೇಡಿ ಎಂದು ಎಷ್ಟು ಬೇಡಿಕೊಂಡರೂ ನಾಲಗೆಗೆ ಅಂಟಿದ ಮಾತು ಹೋಗಲಿಲ್ಲ. ಶಾಲೆಯ ಮಕ್ಕಳಿಗೆ ಒಂದು ದಿನ ಹೇಳಿಕೊಡುತ್ತೀರಾ, ನಿಮಗೆ ಇಷ್ಟವಿದ್ದರೆ ಮಾತ್ರ ಎಂದು ಕೇಳಿದೆ. ಎಲ್ಲ ಜಾತಿಯ ಹುಡುಗರೂ ಮುಟ್ಟುತ್ತಾರಾ ಎಂದು ಕೇಳಿದರು. ಹೌದೆಂದೆ. ಹೆಣ್ಣುಮಕ್ಕಳೂ ಇರುತ್ತಾರಾ ಎಂದರು. ಅವರೂ ಇರುತ್ತಾರೆಂದೆ. ಸ್ವಲ್ಪ ನಕ್ಕು, ಮಗನ ಕಡೆ ನೋಡಿ, ಸರಿ ಎಂದರು.

ಉಪಾಧ್ಯಾಯ ಬಂಧುಗಳಲ್ಲಿ ನನ್ನ ಬಿನ್ನಹ ದೊಡ್ಡದೇನಲ್ಲ. ನಿಮ್ಮ ನಿಮ್ಮ ಊರಿನಲ್ಲಿ ಇಂಥ ಒಬ್ಬರಿದ್ದಾರೆ: ತಮಟೆಯವರು, ವೀರಗಾಸೆಯವರು, ಸೋಬಾನೆ ಹೇಳುವ ತಾಯಂದಿರು. ತಿಂಗಳಿಗೊಂದು ದಿನ ಅವರನ್ನು ಕರೆಯಿರಿ. ಕುರ್ಚಿ ಕೊಡಿ. ಸಂಭಾವನೆಯನ್ನು ಎಲೆಯಡಿಕೆಯಲ್ಲಿಟ್ಟು ಎಲ್ಲರ ಎದುರಿಗೆ ಕೊಡಿ. ಅದಕ್ಕೆ ಬೇಕಾದ ಹಣವನ್ನು ಕೂಡಿಸಲು ನಾನೂ ನನ್ನ ಕೆಲವು ಮಿತ್ರರೂ ಸಿದ್ಧರಿದ್ದೇವೆ. ಮಕ್ಕಳಲ್ಲಿ ಯಾರಿಗೆ ಕಿವಿಯಿದೆ, ಯಾರಿಗೆ ಹೆಜ್ಜೆಯಿದೆ ಎಂಬುದು ಅಂದೇ ತಿಳಿಯುತ್ತದೆ. ಅಂಥವರನ್ನು ಜಾನಪದ ಲೋಕಕ್ಕೆ ಕರೆದುಕೊಂಡು ಹೋಗಿ. ಮುಂದೆ ಮೈಸೂರೋ, ಗೊಟಗೋಡಿಯೋ, ಗದುಗೋ, ದಾರಿ ತಾನಾಗಿ ತೆರೆಯಲಿ. ಒಲ್ಲೆನೆನ್ನುವ ಮಗುವಿದ್ದರೆ, ಅದು ಯಾರ ಮನೆಯ ಮಗುವಾದರೂ ಸರಿ, ಬಲವಂತ ಮಾಡಬೇಡಿ.

ಈ ಸಭೆಗೆ ಆ ಹಿರಿಯರೂ ಬಂದಿದ್ದಾರೆ. ಪ್ರಾರಂಭದಲ್ಲಿ ಅಧ್ಯಕ್ಷರು ಅವರಿಗಾಗಿ ವೇದಿಕೆಯ ಮೇಲೆ ಕುರ್ಚಿ ಹಾಕಿಸಿದ್ದರು. ತ ಮ್ಮ ಕಣ್ಣಿಗೆ ಅದು ಖಾಲಿಯಾಗಿ ಕಾಣುತ್ತಿದೆ. ಅವರು ಮುನಿಸಿಕೊಂಡು ಹೋದವರಲ್ಲ. ನನ್ನ ಮಾತು ಉದ್ದವಾದೀತೆಂದು ತಿಳಿದು, ಶಾಲೆಯ ನಾಲ್ಕು ಮಕ್ಕಳನ್ನು ಕರೆದುಕೊಂಡು ಹಿತ್ತಿಲಿಗೆ ಹೋಗಿದ್ದಾರೆ. ಆಗಿನಿಂದ ಕಿಟಕಿಯಲ್ಲಿ ಬರುತ್ತಿರುವುದು ಅವರು ಹಚ್ಚಿದ ಹುಲ್ಲಿನ ಹೊಗೆ. ಈಗ ಬೆರಳಿನಿಂದ ತಟ್ಟಿ ನೋಡುತ್ತಿರುವ ಸದ್ದು ಕೇಳುತ್ತಿದೆ. ಕಾದ ಚರ್ಮ ವಕೀಲನಿಗಾಗಿ ಕಾಯುವುದಿಲ್ಲ; ತಣ್ಣಗಾದರೆ ಮತ್ತೆ ಮೊದಲಿನಿಂದ ಹಿಡಿಯಬೇಕು. ನಾನು ಕುಳಿತುಕೊಳ್ಳುತ್ತೇನೆ.